ಒಳಗಿಟ್ಟುಕೊಂಡ ಕೋಡಿಗೆ ಹೊಣೆ ಯಾರು?

‘ಸ್ತ್ರೀ’ ಎಂಬುದು ಓದುವವರ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಪಾಲಿಗೆ ಅದು ಆರು ಯೂನಿಕೋಡ್ ಸಂಕೇತಗಳ ಸಾಲು: ಸಕಾರ, ಹಲಂತದ ಚಿಹ್ನೆ, ತಕಾರ, ಮತ್ತೊಂದು ಹಲಂತ, ರಕಾರ, ಕೊನೆಗೆ ಈಕಾರದ ಗುಣಿತ. ಈ ಆರನ್ನೂ ಬಂದ ಕ್ರಮದಲ್ಲೇ ಅಕ್ಕಪಕ್ಕ ಇಟ್ಟುಬಿಟ್ಟರೆ ತಕಾರ, ರಕಾರಗಳು ಒತ್ತಾಗಿ ಕೆಳಗಿಳಿಯುವುದಿಲ್ಲ. ಎಲ್ಲಕ್ಕಿಂತ ಕೊನೆಗೆ ಬಂದ ಈಕಾರ ಎಲ್ಲಕ್ಕಿಂತ ಮೊದಲು ಬಂದ ಸಕಾರದ ತಲೆಗೆ ಹೋಗಿ ಕೂರುವುದಿಲ್ಲ. ಫಾಂಟಿನೊಳಗಿನ ನಿಯಮಗಳನ್ನು ಓದಿ ಈ ಜೋಡಣೆ ಮಾಡಿಕೊಡುವುದು ಹಾರ್ಫ್‌ಬಝ್ ಎಂಬ ಲೈಬ್ರರಿ. ಪೈಥಾನ್ ಭಾಷೆಯಲ್ಲಿ ಚಿತ್ರಗಳೊಂದಿಗೆ ಕೆಲಸ ಮಾಡುವವರು ಹೆಚ್ಚಾಗಿ ನೆಚ್ಚಿಕೊಂಡಿರುವ ಪಿಲ್ಲೋ ಹಾರ್ಫ್‌ಬಝ್ ಅನ್ನು ತಲುಪುವುದು ರಖಮ್ ಎಂಬ ಇನ್ನೊಂದು ಪುಟ್ಟ ಲೈಬ್ರರಿಯ ಮೂಲಕ. ರಖಮ್ ಸಿಗದಿದ್ದಾಗ ಪಿಲ್ಲೋ ಸುಮ್ಮನೆ ತನ್ನ ಸರಳ ಜೋಡಣೆಗೆ ಇಳಿಯುತ್ತದೆ. ಆಗ ಕನ್ನಡದ ಪ್ರಮಾಣಪತ್ರ, ಆಮಂತ್ರಣ, ಪೋಸ್ಟರುಗಳ ಮೇಲೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ದೋಷಸೂಚನೆಯೊಂದೂ ಬರುವುದಿಲ್ಲ. ಹಾಗಾದರೆ ರಖಮ್ ಅನ್ನು ಬಳಕೆದಾರರೇ ಹುಡುಕಿ ತಮ್ಮ ಯಂತ್ರದಲ್ಲಿ ಹಾಕಿಕೊಳ್ಳಬೇಕೆ, ಅಥವಾ ಪಿಲ್ಲೋ ಅದನ್ನು ತನ್ನೊಳಗೇ ಇಟ್ಟುಕೊಂಡು ಕೊಡಬೇಕೆ?

2021ರ ಏಪ್ರಿಲ್‌ನಲ್ಲಿ ಬಂದ 8.2.0 ಆವೃತ್ತಿಯಲ್ಲಿ ಪಿಲ್ಲೋ ಎರಡನೆಯ ದಾರಿ ಹಿಡಿಯಿತು. ರಖಮ್‌ನ ಮೂಲ ಕೋಡನ್ನು ತನ್ನ ಮೂಲದೊಳಗೆ ‘ಥರ್ಡ್‌ಪಾರ್ಟಿ’ ಎಂಬ ಬೇರೆ ಕಡತಕೋಶದಲ್ಲಿ ಇಟ್ಟುಕೊಂಡಿತು. ಬಳಕೆದಾರರಿಗೆ ಕೊಡುವ ಸಿದ್ಧ ಪ್ಯಾಕೇಜುಗಳಲ್ಲಿ ಅದು ಸೇರಿಯೇ ಬರುವಂತೆ ಮಾಡಿತು. ಆದರೆ ಎಲ್ಲವನ್ನೂ ಒಟ್ಟಿಗೆ ತುಂಬಿಕೊಳ್ಳಲಿಲ್ಲ. ರಖಮ್‌ಗೆ ಬೇಕಾದ ಫ್ರಿಬಿಡಿ ಎಂಬ ಲೈಬ್ರರಿ ಎಲ್‌ಜಿಪಿಎಲ್ ಪರವಾನಗಿಯದು. ಅಂಥ ಲೈಬ್ರರಿಯನ್ನು ಬೆಸೆದು ಕೊಡುವವರು ಬಳಕೆದಾರ ಅದರ ಬದಲು ಇನ್ನೊಂದು ಪ್ರತಿಯನ್ನು ಹಾಕಿಕೊಳ್ಳುವ ದಾರಿಯನ್ನು ತೆರೆದಿಡಬೇಕು. ಪಿಲ್ಲೋ ಅದನ್ನು ಹೊರಗೇ ಬಿಟ್ಟು, ಪ್ರೋಗ್ರಾಂ ಓಡುವಾಗ ಯಂತ್ರದಲ್ಲಿ ಇದ್ದರೆ ಎತ್ತಿಕೊಳ್ಳುವ ಸಣ್ಣ ಸೇತುವೆಯೊಂದನ್ನು ಮಾತ್ರ ಬರೆದುಕೊಂಡಿತು. ಮೂಲ ಕೋಡಿನಿಂದ ತಾವೇ ಬಿಲ್ಡ್ ಮಾಡಿಕೊಳ್ಳುವವರಿಗೆ ಆಯ್ಕೆಯೂ ಉಳಿಯಿತು: ಒಳಗಿನ ಪ್ರತಿ ಬೇಕೆಂದು ಕೇಳಿದರೆ ಅದು, ಕೇಳದಿದ್ದರೆ ಸಿಸ್ಟಂನಲ್ಲಿ ಇರುವ ರಖಮ್. ಕನ್ನಡ, ಅರೇಬಿಕ್, ದೇವನಾಗರಿಯಂಥ ಲಿಪಿಗಳನ್ನು ಬಳಸುವವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಅಷ್ಟರಿಂದಲೇ ‘ಬೇಕಾದ ಲೈಬ್ರರಿಯನ್ನೆಲ್ಲ ಒಳಗೆ ಹಾಕಿಕೊಳ್ಳುವುದೇ ಸರಿ’ ಎಂದು ತೀರ್ಮಾನಿಸಿದರೆ ಮಾತ್ರ ಈ ನಿರ್ಧಾರದಿಂದ ತಪ್ಪು ಪಾಠ ಕಲಿತಂತಾಗುತ್ತದೆ.

ಇನ್ನೊಬ್ಬರ ಲೈಬ್ರರಿಯನ್ನು ನಮ್ಮ ಬಿಲ್ಡ್ ವ್ಯವಸ್ಥೆಯೊಳಗೆ ತಂದ ಕ್ಷಣದಿಂದ ಅದರ ಆ ಪ್ರತಿಗೆ ನಾವೇ ಪಾಲಕರು. ಅದರಲ್ಲಿ ದೋಷ ಸಿಕ್ಕಿದರೆ ತಿಳಿದುಕೊಳ್ಳಬೇಕಾದವರು ನಾವು, ತಿದ್ದಬೇಕಾದವರು ನಾವು, ತಿದ್ದಿದ್ದನ್ನು ಬಳಕೆದಾರರಿಗೆ ತಲುಪಿಸಬೇಕಾದವರೂ ನಾವೇ. ಪರವಾನಗಿಯ ಕಾಗದದಲ್ಲಿ ಮೂಲ ಲೇಖಕರ ಹೆಸರಿರಬಹುದು. ಆದರೆ ಅವರಿಗೆ ನಮ್ಮ ಪ್ರತಿ ಎಲ್ಲಿದೆ, ಯಾವ ಆವೃತ್ತಿಯದು ಎಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಕೇಳಬೇಕಾದ್ದು ಒಳಗಿಡುವುದು ಸರಿಯೋ ತಪ್ಪೋ ಎಂದಲ್ಲ, ಈ ಪಾಲನೆಯ ಹೊಣೆಯನ್ನು ನಿಜವಾಗಿ ಹೊತ್ತಿದ್ದೇವೆಯೇ, ಹೊತ್ತದ್ದನ್ನು ಬಿಲ್ಡ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದೇವೆಯೇ ಎಂದು. ಹೊಣೆ ಹೊತ್ತು ಒಳಗಿಟ್ಟುಕೊಂಡದ್ದು ಬಳಕೆದಾರರಿಗೆ ಮಾಡಿದ ಸೇವೆ. ಹೊಣೆ ಹೊರದೆ ನಕಲು ಮಾಡಿಕೊಂಡದ್ದು ಅವರ ತಲೆಯ ಮೇಲೆ ಅವರಿಗೇ ತಿಳಿಸದೆ ಹೊರಿಸಿದ ಸಾಲ.

ಈ ಸಾಲ ಎಂಥದೆಂಬುದು 2002ರ ಮಾರ್ಚ್‌ನಲ್ಲೇ ಗೊತ್ತಾಗಿತ್ತು. ಜೀನ್-ಲೂಪ್ ಗೈಲಿ ಮತ್ತು ಮಾರ್ಕ್ ಆಡ್ಲರ್ 1995ರಲ್ಲಿ ಹೊರತಂದ ಝಡ್‌ಲಿಬ್, ದತ್ತಾಂಶವನ್ನು ಕುಗ್ಗಿಸುವ ಲೈಬ್ರರಿ. ಚಿಕ್ಕದು, ಚೊಕ್ಕದು, ಯಾರು ಬೇಕಾದರೂ ಬಳಸಬಹುದಾದಷ್ಟು ಉದಾರ ಪರವಾನಗಿಯದು. ಹಾಗಾಗಿಯೇ ಅಸಂಖ್ಯ ತಂಡಗಳು ಅದನ್ನು ತಮ್ಮ ತಮ್ಮ ಕೋಡಿನೊಳಗೆ ನಕಲು ಮಾಡಿಕೊಂಡಿದ್ದವು. ಲಿನಕ್ಸ್ ಕರ್ನಲ್ಲಿನೊಳಗೂ ಅದರ ಕೋಡು ಸೇರಿತ್ತು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೊಮ್ಮೆ ಬಿಟ್ಟುಕೊಡುವ ಅಪಾಯಕಾರಿ ದೋಷ ಅದರಲ್ಲಿ ಪತ್ತೆಯಾದಾಗ 1.1.4 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಸಿಸ್ಟಂನ ಹಂಚಿಕೆಯ ಪ್ರತಿಯನ್ನು ಬಳಸುತ್ತಿದ್ದ ಪ್ರೋಗ್ರಾಂಗಳೆಲ್ಲ ಒಂದೇ ಒಂದು ನವೀಕರಣದಿಂದ ಸುರಕ್ಷಿತವಾದವು. ನಕಲು ಇಟ್ಟುಕೊಂಡಿದ್ದವುಗಳನ್ನು ಒಂದೊಂದಾಗಿ ಹುಡುಕಿ, ಒಂದೊಂದನ್ನೂ ಮತ್ತೆ ಬಿಲ್ಡ್ ಮಾಡಿ ಹಂಚಬೇಕಾಯಿತು. ತಿದ್ದುವ ಕೆಲಸ ಕೆಲವೇ ಸಾಲುಗಳದು. ಕಷ್ಟವಿದ್ದದ್ದು ಎಲ್ಲೆಲ್ಲಿ ತಿದ್ದಬೇಕು ಎಂದು ಪತ್ತೆಹಚ್ಚುವುದರಲ್ಲಿ. ಪ್ಯಾಕೇಜುಗಳೊಳಗೆ ಇಂಥ ನಕಲು ಪ್ರತಿಗಳನ್ನು ಬಳಸಬಾರದು, ಹಾಗೆ ಬಳಸಲೆಂದೇ ರೂಪಿಸಿದ ಲೈಬ್ರರಿಗಳಿಗೆ ಮಾತ್ರ ವಿನಾಯಿತಿ ಎಂದು ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನ ನೀತಿಯಲ್ಲಿ ಬರೆದುಕೊಂಡಿರುವುದರ ಹಿಂದೆ ಇಂಥ ಕಷ್ಟದ ಅನುಭವವಿದೆ.

ಎರಡು ದಶಕಗಳ ನಂತರವೂ ಸ್ಥಿತಿ ಬಹಳ ಬದಲಾಗಿಲ್ಲ ಎಂಬುದನ್ನು 2023ರ ಸೆಪ್ಟೆಂಬರ್ ತೋರಿಸಿತು. ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ, ಹಫ್‌ಮನ್ ಕೋಷ್ಟಕ ಕಟ್ಟುವ ಕಡೆ ಮೆಮೊರಿಯ ಎಲ್ಲೆ ಮೀರಿ ಬರೆಯುವ ದೋಷವಿತ್ತು. ಆ್ಯಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೋದ ಸಿಟಿಜನ್ ಲ್ಯಾಬ್ ಸೆಪ್ಟೆಂಬರ್ 6ರಂದು ಅದನ್ನು ಗೂಗಲ್‌ಗೆ ವರದಿ ಮಾಡಿದವು. 11ರಂದು ಕ್ರೋಮ್‌ನಲ್ಲಿ ತಿದ್ದುಪಡಿ ಬಂತು. ಆದರೆ ಮೊದಲ ಪ್ರಕಟಣೆಯಲ್ಲಿ ಅದು ಕ್ರೋಮ್‌ನ ದೋಷವೆಂದೇ ದಾಖಲಾಯಿತು. ಫೈರ್‌ಫಾಕ್ಸ್, ಕ್ರೋಮಿಯಂ ಅನ್ನು ಹೊಟ್ಟೆಯಲ್ಲಿಟ್ಟುಕೊಂಡ ಎಲೆಕ್ಟ್ರಾನ್ ಚೌಕಟ್ಟು, ಅದರ ಮೇಲೆ ಕಟ್ಟಿದ ಸಂದೇಶ ಮತ್ತು ಕಚೇರಿ ಆ್ಯಪ್‌ಗಳು, ಪಿಲ್ಲೋ, ಎಲ್ಲದರಲ್ಲೂ ಅದೇ ಲೈಬ್ರರಿಯ ಪ್ರತಿಗಳಿದ್ದವು. ತನ್ನೊಳಗೆ ಲಿಬ್‌ವೆಬ್‌ಪಿ ಇದೆ ಎಂಬುದೇ ಗೊತ್ತಿರದ ತಂಡಕ್ಕೆ ‘ಕ್ರೋಮ್ ದೋಷ’ ಎಂಬ ಸುದ್ದಿ ತನಗೆ ಸಂಬಂಧಿಸಿದ್ದೆಂದು ಅನಿಸುವ ಬಗೆಯೇ ಇರಲಿಲ್ಲ. ಪಿಲ್ಲೋಗೆ ಗೊತ್ತಿತ್ತು. ಸೆಪ್ಟೆಂಬರ್ 15ರಂದೇ, ದೋಷ ತಿದ್ದಿದ ಲಿಬ್‌ವೆಬ್‌ಪಿ 1.3.2 ಅನ್ನು ಒಳಗೊಂಡ 10.0.1 ಆವೃತ್ತಿ ಹೊರಬಂತು. ಕನ್ನಡದ ಒತ್ತಕ್ಷರಗಳ ಸಲುವಾಗಿ ರಖಮ್ ಅನ್ನು ಒಳಗಿಟ್ಟುಕೊಂಡ ಇದೇ ತಂಡ, ಒಳಗಿಟ್ಟುಕೊಂಡ ಮತ್ತೊಂದು ಲೈಬ್ರರಿಯ ಹೊಣೆಯನ್ನು ಕೆಲವೇ ದಿನಗಳಲ್ಲಿ ತೀರಿಸಿತು. ತನ್ನೊಳಗೆ ಏನಿದೆ, ಯಾವ ಆವೃತ್ತಿಯದು ಎಂಬ ಲೆಕ್ಕ ಮೊದಲೇ ಇದ್ದವರಿಗೆ ಮಾತ್ರ ಇದು ಸಾಧ್ಯ.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಾಗ್‌ಫೋರ್‌ಜೆ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಜಾವಾದ ಈ ಲೈಬ್ರರಿಯಲ್ಲಿ ದೋಷ ಹೊರಬಿದ್ದಾಗ ಮೇವನ್ ಸೆಂಟ್ರಲ್ ಭಂಡಾರದ 35,000ಕ್ಕೂ ಹೆಚ್ಚು ಪ್ಯಾಕೇಜುಗಳು, ಅಂದರೆ ಅದರ ಶೇಕಡಾ 8ಕ್ಕಿಂತ ಹೆಚ್ಚು ಭಾಗ, ತೊಂದರೆಗೆ ಸಿಲುಕಿವೆಯೆಂದು ಗೂಗಲ್‌ನ ಎಂಜಿನಿಯರುಗಳು ಲೆಕ್ಕ ಹಾಕಿದರು. ಅವುಗಳಲ್ಲಿ ಬಹುಪಾಲು ಲಾಗ್‌ಫೋರ್‌ಜೆಯನ್ನು ನೇರವಾಗಿ ಕೇಳಿಯೇ ಇರಲಿಲ್ಲ. ತಾವು ಬಳಸಿದ ಲೈಬ್ರರಿ ಬಳಸಿದ ಲೈಬ್ರರಿಯ ಮೂಲಕ ಅದು ಒಳಬಂದಿತ್ತು. ಜಾವಾ ಲೋಕದಲ್ಲಿ ಬೇಕಾದದ್ದನ್ನೆಲ್ಲ ಒಂದೇ ಜಾರ್ ಕಡತದಲ್ಲಿ ಕಟ್ಟಿಕೊಡುವ ರೂಢಿ ಇದೆ. ಜಾರ್ ಒಳಗೆ ಜಾರ್, ಅದರೊಳಗೆ ಹೆಸರನ್ನೇ ಬದಲಿಸಿಟ್ಟ ಇನ್ನೊಂದು ಪ್ರತಿ. ಕಡತದ ಹೆಸರು ನೋಡಿ ಹುಡುಕುವ ಸಾಧನಗಳಿಗೆ ಇವು ಕಾಣುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಜಾಲತಾಣಗಳನ್ನು ನಡೆಸುವವರು ವರ್ಷಾಂತ್ಯದ ಆ ವಾರಗಳನ್ನು ‘ಇದು ನಮ್ಮಲ್ಲಿ ಇದೆಯೇ?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಕಳೆಯಬೇಕಾಯಿತು. ಬಿಲ್ಡ್ ನಡೆದ ಹೊತ್ತಿನಲ್ಲೇ ಬರೆದಿಟ್ಟಿದ್ದರೆ ಆ ಉತ್ತರ ಒಂದು ಗಳಿಗೆಯ ಕೆಲಸ.

ಹಾಗಾದರೆ ಒಳಗಿಡುವುದನ್ನೇ ನಿಷೇಧಿಸಬಾರದೇಕೆ ಎಂದು ಕೇಳುವವರಿದ್ದಾರೆ. ಮತ್ತೊಂದು ಲಿನಕ್ಸ್ ವಿತರಣೆಯಾದ ಫೆಡೋರಾ ಇದನ್ನು ಹಲವು ವರ್ಷ ಮಾಡಿ ನೋಡಿತು. ಬೇರೆ ಲೈಬ್ರರಿಯ ಪ್ರತಿಯನ್ನು ಒಳಗಿಟ್ಟುಕೊಂಡ ಪ್ರೋಗ್ರಾಂಗೆ, ಪ್ರತ್ಯೇಕ ಅನುಮತಿ ಪಡೆಯದ ಹೊರತು, ಅದರ ಭಂಡಾರದಲ್ಲಿ ಜಾಗವಿರಲಿಲ್ಲ. ಫಲವಾಗಿ ಜನರಿಗೆ ಬೇಕಾದ ಕೆಲವು ಪ್ರೋಗ್ರಾಂಗಳು ಹೊರಗೇ ಉಳಿದವು, ಬಳಕೆದಾರರು ಅವನ್ನು ಬೇರೆ ಮೂಲಗಳಿಂದ ಹಾಕಿಕೊಂಡರು. ನಿಷೇಧದಿಂದ ನಕಲು ಪ್ರತಿಗಳು ಕಡಿಮೆಯಾಗುವ ಬದಲು ಫೆಡೋರಾದ ಕಣ್ಣಿಗೆ ಬೀಳದ ಕಡೆಗೆ ಸರಿದವು. 2015ರಲ್ಲಿ ಅದು ನಿಯಮ ಸಡಿಲಿಸಿತು: ಸಿಸ್ಟಂನ ಲೈಬ್ರರಿ ಬಳಸುವ ದಾರಿಯೇ ಇಲ್ಲದ ಪ್ರೋಗ್ರಾಂ ತನ್ನ ಪ್ರತಿಯನ್ನು ಇಟ್ಟುಕೊಳ್ಳಬಹುದು, ಆದರೆ ಆ ಲೈಬ್ರರಿಯ ಹೆಸರು ಮತ್ತು ಆವೃತ್ತಿಯನ್ನು ಪ್ಯಾಕೇಜಿನ ವಿವರದಲ್ಲಿ ನಿಗದಿತ ರೂಪದಲ್ಲಿ ಘೋಷಿಸಲೇಬೇಕು. ಇದನ್ನು ಸೋಲೊಪ್ಪಿಕೊಂಡದ್ದೆಂದು ಕಂಡವರಿದ್ದಾರೆ. ನನಗೆ ಇದು ಸರಿಯಾದ ಜಾಗದಲ್ಲಿ ಪಟ್ಟು ಹಿಡಿದದ್ದೆಂದು ಕಾಣುತ್ತದೆ. ನಾಳೆ ದೋಷ ಸಿಕ್ಕಿದರೆ ಆ ಘೋಷಣೆಯನ್ನು ಹುಡುಕಿ, ಯಾವ ಯಾವ ಪ್ಯಾಕೇಜು ತಿದ್ದಬೇಕೆಂಬ ಪಟ್ಟಿಯನ್ನು ಕೂಡಲೇ ತೆಗೆಯಬಹುದು. ಇತ್ತ ಎಸ್‌ಕ್ಯುಲೈಟ್‌ನಂಥ ಲೈಬ್ರರಿ ಒಳಗಿಡಲೆಂದೇ ಸಿದ್ಧವಾಗಿ ಬರುತ್ತದೆ. ನೂರಕ್ಕೂ ಹೆಚ್ಚು ಮೂಲ ಕಡತಗಳನ್ನು ಒಂದೇ ಸಿ ಕಡತವಾಗಿ ಹೆಣೆದು ಅದರ ಲೇಖಕರೇ ಕೊಡುತ್ತಾರೆ. ಇಡೀ ಕೋಡು ಒಂದೇ ಕಡೆ ಕಾಣುವುದರಿಂದ ಕಂಪೈಲರ್ ಅದನ್ನು ಶೇಕಡಾ 5 ಅಥವಾ ಅದಕ್ಕಿಂತ ಹೆಚ್ಚು ವೇಗವಾಗಿ ಓಡುವಂತೆ ಮಾಡಬಲ್ಲದು. ಇದನ್ನೂ ಬೇಡವೆನ್ನುವ ಸಾರಾಸಗಟು ನಿಷೇಧಕ್ಕೆ ಸಮರ್ಥನೆ ಸಿಗದು.

ಇನ್ನೊಂದು ವಾದ ಹೆಚ್ಚು ಚಾಲಾಕಿನದು: ನಕಲು ಇಟ್ಟುಕೊಳ್ಳುವುದೇ ಬೇಡ, ಬಿಲ್ಡ್ ಆಗುವಾಗ ಇಂಟರ್‌ನೆಟ್‌ನಿಂದ ಇಳಿಸಿಕೊಂಡರಾಯಿತು. ಸಿಮೇಕ್ ಎಂಬ ಬಿಲ್ಡ್ ಸಾಧನದ ಫೆಚ್‌ಕಂಟೆಂಟ್, ಅಂಥದೇ ಮೀಸನ್‌ನ ವ್ರ್ಯಾಪ್ ಕಡತಗಳು, ಪ್ಯಾಕೇಜು ಇಳಿಸಿಕೊಡುವ ಎನ್‌ಪಿಎಂ ಮೊದಲಾದವೆಲ್ಲ ಈ ಅನುಕೂಲ ಕೊಡುತ್ತವೆ. ಆದರೆ ಇಂಥದೇ ಆವೃತ್ತಿ ಬೇಕೆಂದು ಗೊತ್ತುಮಾಡಿ ಇಳಿಸಿಕೊಂಡ ಲೈಬ್ರರಿ ಬೇರೆ ಕಡೆ ಇರಿಸಿದ ನಕಲೇ ಹೊರತು ಇನ್ನೇನಲ್ಲ. ಹೊಣೆ ಒಂದಿಷ್ಟೂ ಕಡಿಮೆಯಾಗದು. ಬದಲಿಗೆ ಹೊಸ ಅವಲಂಬನೆಯೊಂದು ಸೇರಿಕೊಳ್ಳುತ್ತದೆ. 2016ರ ಮಾರ್ಚ್‌ನಲ್ಲಿ ಕೇವಲ 11 ಸಾಲಿನ ಲೆಫ್ಟ್-ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂ ಭಂಡಾರದಿಂದ ತೆಗೆದಾಗ ಬೇಬೆಲ್‌ನಂಥ ದೊಡ್ಡ ಯೋಜನೆಗಳ ಬಿಲ್ಡ್ ಕೂಡ ನಿಂತುಹೋಯಿತು. ಆದರೂ ಇಳಿಸಿಕೊಳ್ಳುವ ಈ ಸಾಧನಗಳಿಂದ ಕಲಿಯುವುದಿದೆ. ಮೀಸನ್‌ನ ಒಂದು ವ್ರ್ಯಾಪ್ ಕಡತ ತೆರೆದರೆ ಕೆಲವೇ ಸಾಲುಗಳಲ್ಲಿ ಮೂಲದ ವಿಳಾಸ, ಆ ಕಡತದ ಹ್ಯಾಶ್ ಬೆರಳಚ್ಚು, ಬೇಕಿದ್ದರೆ ಹಚ್ಚಬೇಕಾದ ತಿದ್ದುಪಡಿಯ ಕಡತದ ಹೆಸರು ಕಾಣುತ್ತವೆ. ಮೊದಲು ಸಿಸ್ಟಂನಲ್ಲಿ ಹುಡುಕು, ಸಿಗದಿದ್ದರೆ ಮಾತ್ರ ಇದನ್ನು ಬಳಸು ಎಂದು ಹೇಳಬಹುದು. ಒಳಗಿನ ಪ್ರತಿಯ ತಂಟೆಗೇ ಹೋಗಬೇಡ ಎಂದು ಬಿಲ್ಡ್ ಮಾಡುವವರು ಆಜ್ಞೆಯೊಂದರಿಂದ ತಡೆಯಲೂಬಹುದು. ಸಿಮೇಕ್ ಕೂಡ 2022ರ 3.24 ಆವೃತ್ತಿಯಿಂದ ಇಂಥ ಹೊಂದಾಣಿಕೆಗೆ ದಾರಿ ಮಾಡಿಕೊಟ್ಟಿದೆ. ಒಳ್ಳೆಯ ಬಿಲ್ಡ್ ವ್ಯವಸ್ಥೆ ಬಳಕೆದಾರನ ಈ ಆಯ್ಕೆಯನ್ನು ಕಸಿದುಕೊಳ್ಳುವುದಿಲ್ಲ.

ನವೀಕರಣವೇ ಅಪಾಯ ತಂದರೆ ಎಂಬ ಆಕ್ಷೇಪಕ್ಕೆ 2024ರ ಮಾರ್ಚ್ ನಂತರ ಹೆಚ್ಚು ತೂಕ ಬಂದಿದೆ. ಎಕ್ಸ್‌ಝಡ್ ಎಂಬ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದದ್ದನ್ನು ಬೆನ್ನತ್ತಿ ಹೋದ ಎಂಜಿನಿಯರ್ ಆ್ಯಂಡ್ರೆಸ್ ಫ್ರಾಯಿಂಡ್ ಅದನ್ನು ಬಯಲಿಗೆಳೆದರು. ಹಳೆಯ ಪ್ರತಿ ಇಟ್ಟುಕೊಂಡವರು ಬಚಾವಾದರು, ಹೊಸದರ ಹಿಂದೆ ಓಡಿದವರು ಅಪಾಯಕ್ಕೆ ಸಿಕ್ಕರು ಎಂಬುದು ನಿಜ. ಆದರೆ ಅದೃಷ್ಟವಶಾತ್ ಉಳಿದದ್ದನ್ನೇ ನೀತಿ ಮಾಡಿಕೊಳ್ಳಲಾಗದು. ಹೀಗೆ ಬೇಕೆಂದೇ ವಿಷ ಬೆರೆಸಿದ ಪ್ರಕರಣಗಳಿಗಿಂತ, ಗೊತ್ತಿರುವ ದೋಷ ತಿದ್ದದೆ ಉಳಿದ ಹಳೆಯ ಪ್ರತಿಗಳೇ ದಿನನಿತ್ಯದ ಅಪಾಯ. ಎಕ್ಸ್‌ಝಡ್ ಕಲಿಸುವ ಪಾಠವೇ ಬೇರೆ. ಹಿಂಬಾಗಿಲನ್ನು ಕ್ರಿಯಾಶೀಲಗೊಳಿಸುತ್ತಿದ್ದ ತುಣುಕು ಎಲ್ಲರೂ ನೋಡಬಹುದಾದ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಸಂಕುಚಿತ ಕಡತದೊಳಗಿನ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಅಡಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ದರೆ ವ್ಯತ್ಯಾಸ ಕಾಣುತ್ತಿತ್ತು. ಹೊರಗಿನ ಲೈಬ್ರರಿಯನ್ನು ತರುವವರು ಯಾವ ಮೂಲದಿಂದ, ಯಾವ ಕಮಿಟ್‌ನಿಂದ ತಂದೆವು ಎಂದು ಬರೆದಿಡಬೇಕು, ಪ್ರತಿ ಬಾರಿ ಹೊಸದನ್ನು ತರುವಾಗ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಕಣ್ಣಾಡಿಸಬೇಕು.

ಒಳಗಿಟ್ಟುಕೊಂಡ ಮೇಲೆ ಅತಿ ದೊಡ್ಡ ಆಮಿಷ ಅದನ್ನು ಸ್ವಲ್ಪ ತಿದ್ದಿಬಿಡುವುದು. ಪಕ್ಕದಲ್ಲೇ ಕೋಡಿದೆ, ನಮಗೆ ಬೇಕಾದ ಒಂದು ಸಾಲು ಸೇರಿಸಿದರೆ ಕೆಲಸವಾಗುತ್ತದೆ. ಕಡತಗಳನ್ನು ಬೇರೆ ಯಂತ್ರಕ್ಕೆ ಹೊಂದಿಸಿಡುವ ಆರ್‌ಸಿಂಕ್ ತನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿದ ಝಡ್‌ಲಿಬ್ ಪ್ರತಿಯನ್ನು ಬಹುಕಾಲ ಇಟ್ಟುಕೊಂಡಿತ್ತು. ಆ ಮಾರ್ಪಾಡು ಎರಡು ಯಂತ್ರಗಳ ನಡುವಿನ ಸಂವಹನದ ರೀತಿಯನ್ನೇ ಪ್ರಭಾವಿಸುತ್ತಿದ್ದುದರಿಂದ ಸಿಸ್ಟಂನ ಝಡ್‌ಲಿಬ್‌ಗೆ ಬದಲಾಗುವುದು ಸುಲಭವಾಗಲಿಲ್ಲ. ಹೊಸ ವಿಧಾನಕ್ಕೆ ಬೇರೆ ಆಯ್ಕೆಯನ್ನೇ ಸೃಷ್ಟಿಸಬೇಕಾಯಿತು. ತಿದ್ದಿದ ಪ್ರತಿ ಹೀಗೆ ಹಿಂದಿರುಗುವ ದಾರಿಯನ್ನು ಮುಚ್ಚುತ್ತದೆ. ಕ್ರೋಮಿಯಂ ಯೋಜನೆ ಇದಕ್ಕೆ ಸರಳ ಶಿಸ್ತು ಇಟ್ಟುಕೊಂಡಿದೆ. ಹೊರಗಿನ ಪ್ರತಿಯೊಂದು ಲೈಬ್ರರಿಯ ಕಡತಕೋಶದಲ್ಲೂ ಒಂದು ರೀಡ್‌ಮಿ ಕಡತವಿರಬೇಕು. ಲೈಬ್ರರಿಯ ಹೆಸರು, ಮೂಲ ವಿಳಾಸ, ಆವೃತ್ತಿ, ಪರವಾನಗಿಯ ಜೊತೆಗೆ ಇಲ್ಲಿ ಏನೇನು ತಿದ್ದಿದ್ದೇವೆ ಎಂಬುದನ್ನೂ ಅದರಲ್ಲಿ ಬರೆಯಬೇಕು. ಮೂಲ ಲೇಖಕರಿಗೆ ಮೊದಲು ತಿದ್ದುಪಡಿ ಕಳಿಸುವುದು, ಅಲ್ಲಿಯವರೆಗೆ ಅದನ್ನು ಪ್ರತ್ಯೇಕ ಪ್ಯಾಚ್ ಕಡತವಾಗಿ ಇಟ್ಟು ಬಿಲ್ಡ್‌ನಲ್ಲಿ ಹಚ್ಚುವುದು, ಇವೆರಡು ಅಭ್ಯಾಸಗಳಿದ್ದರೆ ಮುಂದಿನ ನವೀಕರಣ ದಿನಗಟ್ಟಲೆಯ ಕೆಲಸವಾಗುವುದಿಲ್ಲ.

ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವ ಸಣ್ಣ ತಂಡಗಳಿಗೆ ಇಷ್ಟೆಲ್ಲ ಶಿಸ್ತು ಹೊರೆಯಲ್ಲವೇ ಎಂಬುದು ಪ್ರಾಮಾಣಿಕ ಆಕ್ಷೇಪ. ಆದರೆ ಕೇಳುತ್ತಿರುವುದು ನಾಲ್ಕೇ ಸಂಗತಿ: ಏನನ್ನು ಎಲ್ಲಿಂದ ತಂದೆವು ಎಂಬ ದಾಖಲೆ, ಸಿಸ್ಟಂನ ಪ್ರತಿ ಬಳಸುವ ಆಯ್ಕೆ, ತಿದ್ದುಪಡಿಗಳನ್ನು ಬೇರೆಯಾಗಿ ಇಡುವುದು, ಆ ಲೈಬ್ರರಿಯ ಭದ್ರತಾ ಪ್ರಕಟಣೆಗಳನ್ನು ಗಮನಿಸುವ ಒಬ್ಬ ಹೆಸರುಳ್ಳ ವ್ಯಕ್ತಿ. ಮೊದಲ ಮೂರು ಒಂದು ಸಂಜೆಯಲ್ಲಿ ಮುಗಿಯುತ್ತವೆ. ನಾಲ್ಕನೆಯದಕ್ಕೆ ಯಾರೂ ಸಿಗದಿದ್ದರೆ ಆ ಲೈಬ್ರರಿಯನ್ನು ಒಳಗಿಟ್ಟುಕೊಳ್ಳುವ ಶಕ್ತಿ ಆ ತಂಡಕ್ಕೆ ಇಲ್ಲವೆಂದೇ ಅರ್ಥ. ಸಿಸ್ಟಂನ ಪ್ರತಿಯನ್ನೇ ನೆಚ್ಚುವುದು ಅವರಿಗೂ ಬಳಕೆದಾರರಿಗೂ ಕ್ಷೇಮ. ‘ಕಂಟೇನರ್‌ಗಳ ಕಾಲದಲ್ಲಿ ಇದೆಲ್ಲ ಹಳೆಯ ಚಿಂತೆ’ ಎನ್ನುವವರೂ ಯೋಚಿಸಬೇಕು. ಕಂಟೇನರ್ ಚಿತ್ರಿಕೆಯೆಂದರೆ ಇಡೀ ಸಿಸ್ಟಂನ ನಕಲು. ಒಂದು ಲೈಬ್ರರಿಯ ಬದಲು ನೂರಾರು ಲೈಬ್ರರಿಗಳಿಗೆ ಪಾಲಕರಾದಂತೆ.

ಕಾನೂನೂ ಈ ದಿಕ್ಕಿಗೇ ಹೊರಟಿದೆ. ತಂತ್ರಾಂಶದೊಳಗೆ ಏನೇನಿದೆ ಎಂಬ ಪಟ್ಟಿ ಹೇಗಿರಬೇಕೆಂದು ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ತಾಂತ್ರಿಕ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಸೈಬರ್ ಕಾಯ್ದೆಯ ಮುಖ್ಯ ಕರ್ತವ್ಯಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತವೆ. ತಾವು ಮಾರುವ ವಸ್ತುವಿನೊಳಗಿನ ಹೊರಗಿನವರ ಘಟಕಗಳ ವಿಷಯದಲ್ಲೂ ತಯಾರಕರು ಎಚ್ಚರ ವಹಿಸಬೇಕೆಂದು ಅದು ಹೇಳುತ್ತದೆ. ಅಲ್ಲಿಯ ಮಾರುಕಟ್ಟೆಗೆ ತಂತ್ರಾಂಶ ಕಟ್ಟಿಕೊಡುವ ಬೆಂಗಳೂರಿನ ಕಂಪನಿಗಳಿಗೆ ಇದು ದೂರದ ಸುದ್ದಿಯಲ್ಲ. ಆದರೆ ಕಾನೂನಿನ ಗಡುವಿಗೆ ಕಾದು, ಪ್ರೋಗ್ರಾಂ ಸಿದ್ಧವಾದ ಮೇಲೆ ಸ್ಕ್ಯಾನರ್ ಓಡಿಸಿ ತೆಗೆದ ಪಟ್ಟಿ ಊಹೆಯ ಪಟ್ಟಿಯಾಗುತ್ತದೆ. ಬಿಲ್ಡ್ ತಾನಾಗಿ ಬರೆದಿಟ್ಟ ಪಟ್ಟಿಯನ್ನು ಮಾತ್ರ ನೆಚ್ಚಬಹುದು.

ಕೋಡು ಬರೆಯುವವರಲ್ಲಿ, ಬರೆಸುವವರಲ್ಲಿ ನನ್ನ ಮನವಿ ಇಷ್ಟೇ. ಇನ್ನೊಬ್ಬರ ಲೈಬ್ರರಿಯನ್ನು ನಿಮ್ಮ ಯೋಜನೆಯೊಳಗೆ ಸೇರಿಸುವ ಪ್ರಸ್ತಾಪ ಬಂದಾಗ ‘ಇದು ಕೆಲಸ ಮಾಡುತ್ತದೆಯೇ’ ಎಂದು ಕೇಳಿ ಸುಮ್ಮನಾಗಬೇಡಿ. ನಾಳೆ ಇದರಲ್ಲಿ ದೋಷ ಸಿಕ್ಕಿದರೆ ನಮ್ಮಲ್ಲಿ ಯಾರಿಗೆ ಮೊದಲು ತಿಳಿಯುತ್ತದೆ, ತಿದ್ದಿದ ಪ್ರತಿ ಎಷ್ಟು ದಿನದಲ್ಲಿ ಬಳಕೆದಾರರ ಕೈಸೇರುತ್ತದೆ ಎಂದೂ ಕೇಳಿ. ಉತ್ತರವಿದ್ದರೆ ಧೈರ್ಯವಾಗಿ ಒಳಗಿಟ್ಟುಕೊಳ್ಳಿ, ಆ ಉತ್ತರವನ್ನು ಬಿಲ್ಡ್ ಕಡತದ ಪಕ್ಕದಲ್ಲೇ ಬರೆದಿಡಿ. ಉತ್ತರ ಸಿಗುವವರೆಗೆ ಆ ಕೋಡು ಹೊರಗೇ ಇರಲಿ.